ಊಟ ಆಗಿತ್ತಾ

ವರ್ಷಕ್ಕೊಮ್ಮೆ, ಜೂನ್ ತಿಂಗಳ ಎರಡನೆಯ ಭಾನುವಾರ,
ಗೋಯಾದ ಬಸ್ಸಿಳಿದು ಬರುತ್ತಿದ್ದ ಸಿಪ್ರಿಯಾನೊ.
ಕಂಕುಳಲ್ಲಿ ಹಳೆ ಪೇಪರು ಸುತ್ತಿದ ನದಿಮೀನು,
ಎಡಗಾಲು ಕೊಂಚ ತಡವಾಗಿ.
ನಮ್ಮ ನಾಯಿ ಆ ತಡವಾದ ಕಾಲಿಗೆ ಮಾತ್ರ ಬೊಗಳುತ್ತಿತ್ತು.

ಎಲಿಹಿಯೊ ಮಾವನನ್ನು ನಾನು ಕಂಡವಳಲ್ಲ.
ಗೋಡೆಯ ಮೇಲೆ ಹತ್ತೊಂಬತ್ತರಲ್ಲೇ ನಿಂತಿದ್ದಾನೆ,
ಕಿವಿ ದೊಡ್ಡದು, ಟೋಪಿ ಇನ್ನೂ ದೊಡ್ಡದು.
ಈಗ ನನಗೆ ಅವನ ಎರಡರಷ್ಟು ವಯಸ್ಸು,
ಆದರೂ ಅವನನ್ನು ಮಾವ ಅಂತಲೇ ಕರೆಯಬೇಕು.

ಸಿಪ್ರಿಯಾನೊ ಶುರು ಮಾಡುತ್ತಿದ್ದುದು ಗುವಾರನಿಯಲ್ಲಿ.
ಅಲ್ಲಿ ಕಂದಕದೊಳಗೂ ಅವರಿಬ್ಬರದು ಅದೇ ಮಾತಂತೆ,
ಕ್ಯಾಪ್ಟನ್ನನಿಗೆ ತಿಳಿಯದ ಹಾಗೆ ಬೈಯಲಿಕ್ಕೆ.
ಅಗೆದರೆ ಮಣ್ಣಲ್ಲ, ನೆನೆದು ಕಪ್ಪಾದ ಬೇರು.
ಬಗೆದಷ್ಟೂ ನೀರು.
ಪರಾನಾ ದಂಡೆಯ ಬಿಸಿಲಲ್ಲಿ ಬೆಳೆದ ಹುಡುಗರಿಗೆ
ಗಾಳಿಗೂ ಹಲ್ಲಿರುತ್ತದೆಂದು
ಮಾಲ್ವಿನಾಸಿಗೆ ಹೋದ ಮೇಲೇ ಗೊತ್ತಾದದ್ದು.
ರಾತ್ರಿ ಹಡಗಿನಿಂದ ಶೆಲ್ಲು ಬೀಳುವಾಗ,
ನಿಕನೋರಮ್ಮಾ, ಆಕಾಶವೇ—

ಅಜ್ಜಿ ಕೈಯೆತ್ತುತ್ತಿದ್ದಳು.
ಅವಳಿಗೆ ಹಡಗು ಬೇಡ, ಬೆಟ್ಟದ ಹೆಸರು ಬೇಡ,
ಯಾರ ಬಾವುಟ ಎಲ್ಲಿ ಇಳಿಯಿತೆಂಬುದೂ ಬೇಡ.
‘ಆ ದಿನ ಅವನ ಊಟ ಆಗಿತ್ತಾ?’

ಆಗಿತ್ತು, ಅಂದನಂತೆ ಮೊದಲ ವರ್ಷ.
ಒಂದು ಕುರಿ ಸಿಕ್ಕಿತ್ತು. ಅದರ ತೊಡೆ. ಇಬ್ಬರೂ ತಿಂದೆವು.
‘ಉಪ್ಪು?’
ಇತ್ತು ಉಪ್ಪು.

ನನಗೆ ತಿಳಿವಳಿಕೆ ಬರುವಷ್ಟರಲ್ಲಿ
ಆ ತೊಡೆ ಇಡೀ ಕುರಿಯಾಗಿತ್ತು.
ಆಮೇಲೆ ಹೆಲ್ಮೆಟ್ಟಿನಲ್ಲಿ ಬೇಯಿಸಿದ ಸಾರು ಬಂತು.
ಒಂದು ವರ್ಷ ಆಲೂಗಡ್ಡೆ,
ನನ್ನ ಮದುವೆಯಾದ ವರ್ಷ ಬಿಸಿ ರೊಟ್ಟಿ.
ಹೀಗೆ ಪ್ರತಿ ಜೂನಿನಲ್ಲೂ ಹೊಟ್ಟೆ ತುಂಬುತ್ತಾ
ಗೋಡೆಯ ಮೇಲಿನ ಹುಡುಗ ದಪ್ಪಗಾದಂತೆ ಕಾಣುತ್ತಿದ್ದ.
ಒಮ್ಮೆ ಅಜ್ಜಿಯೇ, ಮೀನಿನ ಮುಳ್ಳು ಬಿಡಿಸುತ್ತಾ,
ತಲೆಯೆತ್ತದೆ ಕೇಳಿದಳು:
‘ಈ ಸಲ ಈರುಳ್ಳಿನೂ ಸಿಕ್ಕಿತಾ, ಸಿಪ್ರಿ?’
ಅವನು ನೀರು ಕುಡಿದ. ಲೋಟ ಇಟ್ಟ.
ಸಿಕ್ಕಿತು, ಅಂದ.

ಯಾರೋ ಬಂದು ಹತ್ತಿಯ ಕಡ್ಡಿಯಲ್ಲಿ
ಅಜ್ಜಿಯ ಎಂಜಲು ತೆಗೆದುಕೊಂಡು ಹೋದರು.
ಹೆಸರಿಲ್ಲದ ಗೋರಿಯೊಳಗಿನ ಮೂಳೆ
ಆ ಎಂಜಲನ್ನು ಗುರುತು ಹಿಡಿಯಿತು.
ಕಾಗದ ಬಂದ ದಿನ ಅವಳು ಎರಡು ಸಲ ಅಡುಗೆ ಮಾಡಿದಳು,
ಒಂದನ್ನು ಯಾರಿಗೂ ಬಡಿಸಲಿಲ್ಲ.
ಮುಂದಿನ ಬೇಸಿಗೆ ನೋಡಲಿಲ್ಲ.

ಜೂನಿನಲ್ಲಿ ಸಿಪ್ರಿಯಾನೊ ಬಂದ, ಅದೇ ಮೀನು.
ಬೊಗಳುವ ನಾಯಿಯೂ ಇರಲಿಲ್ಲ.
ಅವಳ ಖಾಲಿ ಕುರ್ಚಿಗೆ ಬೆನ್ನು ಹಾಕಿ ಕೂತು ಹೇಳಿದ,
ಈ ಸಲ ಸ್ಪ್ಯಾನಿಶ್‌ನಲ್ಲಿ, ಕಚೇರಿಯಲ್ಲಿ ಹೇಳಿಕೆ ಕೊಡುವವನಂತೆ:
ಮೂರು ದಿನ ಏನೂ ಬಂದಿರಲಿಲ್ಲ.
ಕಿತ್ತಳೆ ಸಿಪ್ಪೆ ಕುದಿಸಿದ ನೀರು, ಅದೂ ಮುಗಿದಿತ್ತು.
ತಂತಿಬೇಲಿಯಾಚೆ ಒಂದು ಕೊಟ್ಟಿಗೆ,
ಅದರ ಮಾಡಿಗೆ ತೂಗುಹಾಕಿದ ಕುರಿ ಕಾಣುತ್ತಿತ್ತು,
ನಡುವೆ ನಮ್ಮವರೇ ಹುಗಿದ ಸಿಡಿಮದ್ದು.
ಅವತ್ತು ಸರದಿ ನನ್ನದು.
ಕಾಲು ಮರಗಟ್ಟಿತ್ತು, ಏಳಲಾಗಲಿಲ್ಲ.
ನೀನಿರು, ಅಂದ.
ಅಷ್ಟೆ. ಶತ್ರು ಯಾರೂ ಇರಲಿಲ್ಲ ಅಲ್ಲಿ.

ಒಲೆಯ ಮೇಲೆ ಮೀನು ಹೊತ್ತುತ್ತಿತ್ತು.
ಏನಾದರೂ ಹೇಳಬೇಕಿತ್ತು ನಾನು,
ಬಿಡಿ, ಆದದ್ದು ಆಯಿತು, ನಿಮ್ಮ ತಪ್ಪಲ್ಲ.
ತಟ್ಟೆ ತಂದು ಅವನ ಮುಂದಿಟ್ಟೆ.
ಬಾಯಿಗೆ ಬಂದದ್ದು ಬೇರೆ,
ಅದೂ ಗುವಾರನಿಯಲ್ಲಿ, ಅವಳದೇ ದನಿಯಲ್ಲಿ:
‘ಉಪ್ಪು?’

ಬಹಳ ಹೊತ್ತು ನನ್ನ ಮುಖ ನೋಡಿದ.
ಹಾಕಿದ್ದೆವು ಕಣಮ್ಮಾ, ಅಂದ,
ಒಂಚೂರು ಜಾಸ್ತಿಯೇ ಆಗಿತ್ತು.